ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ

ಕೆರೆಯ ಪಾಚಿಗೆ ಬಾಯಾರಿಕೆ ಗೊತ್ತಿಲ್ಲ. ಸುತ್ತಲಿನ ನೀರೇ ಅದಕ್ಕೆ ಆಸರೆ, ಅದೇ ಹೊದಿಕೆ. ಅಂಥ ಹಸಿರು ಪಾಚಿಗಳ ಕುಲದ ಒಂದು ಕವಲು ಸುಮಾರು 47 ಕೋಟಿ ವರ್ಷಗಳ ಹಿಂದೆ ನೆಲ ಹತ್ತಿತು. ಇಂದಿನ ಹುಲ್ಲು, ಜರೀಗಿಡ, ತೆಂಗು, ಆಲ ಎಲ್ಲವೂ ಆ ಕವಲಿನವೇ. ನೆಲದ ಮೇಲೆ ಬೆಳಕಿಗೆ ಬರವಿಲ್ಲ, ಗಾಳಿಗೂ ಬರವಿಲ್ಲ. ಆದರೆ ಮೈಯೊಳಗಿನ ನೀರು ಆರಿಹೋಗುತ್ತಲೇ ಇರುತ್ತದೆ. ನೆಲದ ಗಿಡದ ಬಾಳು ಹೆಚ್ಚಾಗಿ ಈ ಒಂದು ಕಷ್ಟದ ಸುತ್ತಲೇ ನಡೆಯುತ್ತದೆ.

ಕಾಂಪೌಂಡ್ ಗೋಡೆಯ ಹಾವಸೆ ಈ ಕಷ್ಟಕ್ಕೆ ಸುಮ್ಮನೆ ತಲೆಬಾಗುತ್ತದೆ. ಬೇಸಿಗೆಯಲ್ಲಿ ಒಣಗಿ ಕಪ್ಪಾಗಿ, ಮಳೆ ಬಿದ್ದೊಡನೆ ಮತ್ತೆ ಹಸಿರಾಗುತ್ತದೆ. ಉಳಿದ ಗಿಡಗಳಲ್ಲಿ ಹೆಚ್ಚಿನವು ಮೈಗೆ ಮೇಣ ಸವರಿಕೊಂಡವು. ಕೆಸುವಿನೆಲೆಯ ಮೇಲೆ ಹನಿ ನಿಲ್ಲದೆ ಉರುಳುವುದನ್ನು ಯಾರು ನೋಡಿಲ್ಲ!

ಮೇಣ ನೀರನ್ನೇನೋ ತಡೆಯಿತು, ಜೊತೆಗೆ ಗಾಳಿಯನ್ನೂ ತಡೆಯಿತು. ಇಂಗಾಲದ ಡೈಆಕ್ಸೈಡ್ ಒಳಗೆ ಬಾರದೆ ಎಲೆಗೆ ಅಡುಗೆಯಿಲ್ಲ. ಅದಕ್ಕೇ ಎಲೆಯಲ್ಲಿ ಪತ್ರರಂಧ್ರಗಳಿವೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಬಾಯಿಗಳು. ಪ್ರತಿಯೊಂದರ ಅಕ್ಕಪಕ್ಕ ಹುರುಳಿಬೀಜದ ಆಕಾರದ ಎರಡು ಜೀವಕೋಶಗಳು. ಅವು ನೀರು ತುಂಬಿ ಉಬ್ಬಿದರೆ ಬಾಯಿ ತೆರೆಯುತ್ತದೆ, ಸೊರಗಿದರೆ ಮುಚ್ಚುತ್ತದೆ. ತೆರೆದಾಗಿನ ವ್ಯಾಪಾರ ಬಲು ದುಬಾರಿ: ಡೈಆಕ್ಸೈಡಿನ ಒಂದು ಅಣು ಒಳಬರುವಷ್ಟರಲ್ಲಿ ನೀರಿನ ನೂರಾರು ಅಣುಗಳು ಹೊರಗೆ. ಬಿಸಿಲಲ್ಲಿರುವ ದಾಸವಾಳದ ಕೊಂಬೆಗೆ ಬೆಳಗ್ಗೆ ಪ್ಲಾಸ್ಟಿಕ್ ಚೀಲ ಕಟ್ಟಿ ನೋಡಿ. ಮಧ್ಯಾಹ್ನದ ಹೊತ್ತಿಗೆ ಒಳಗೆಲ್ಲ ಹನಿ ಕಟ್ಟಿರುತ್ತದೆ.

ಈ ದುಬಾರಿ ವ್ಯಾಪಾರಕ್ಕೆ ಕಾಡುಬಸಳೆ ಕಂಡುಕೊಂಡ ಉಪಾಯ ನನಗೆ ಎಲ್ಲಕ್ಕಿಂತ ಸೋಜಿಗದ್ದು. ಎಲೆಯಂಚಿನಲ್ಲೇ ಮರಿ ಹುಟ್ಟಿಸುವ ಆ ದಪ್ಪೆಲೆಯ ಗಿಡ ಹಲವರ ಹಿತ್ತಲಲ್ಲಿದೆ. ಟಿಪ್ಪು ಮಡಿದ ಬಳಿಕ ಕೆಲಕಾಲ ಲಾಲ್‌ಬಾಗ್ ನೋಡಿಕೊಂಡಿದ್ದ ಸಸ್ಯತಜ್ಞ ಬೆಂಜಮಿನ್ ಹೇನ್ ಅದರ ಎಲೆಯ ರುಚಿ ನೋಡಿದ್ದ. ಬೆಳಗ್ಗೆ ಅದು ಚೆನ್ನಾಗಿ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ. ಹೀಗೆಂದು ಬರೆದ ಅವನ ಪತ್ರ 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಕಾರಣ ಆಗ ಯಾರಿಗೂ ತಿಳಿದಿರಲಿಲ್ಲ. ನಾಲಗೆ ಮಾತ್ರ ಸುಳ್ಳು ಹೇಳಿರಲಿಲ್ಲ.

ಕಾಡುಬಸಳೆ ಹಗಲಿನ ಧಗೆಯಲ್ಲಿ ಬಾಯಿ ಮುಚ್ಚಿ, ತಂಪಾದ ರಾತ್ರಿಯಲ್ಲಿ ತೆರೆಯುತ್ತದೆ. ರಾತ್ರಿ ಬೆಳಕಿಲ್ಲದ್ದರಿಂದ ಒಳಬಂದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿಸಿ ಕೂಡಿಡುತ್ತದೆ. ಸೇಬಿಗೆ ಹುಳಿ ತರುವುದೂ ಇದೇ ಆಮ್ಲ. ಬಿಸಿಲೇರಿದಾಗ ಬಾಗಿಲು ಮುಚ್ಚಿಕೊಂಡೇ ಆ ಆಮ್ಲವನ್ನು ಒಡೆದು, ಹೊರಬಂದ ಡೈಆಕ್ಸೈಡಿನಿಂದ ಸಕ್ಕರೆ ತಯಾರಿಸುತ್ತದೆ. ದಾಸ್ತಾನು ಕರಗಿದಂತೆ ಹುಳಿಯೂ ಇಳಿಯುತ್ತದೆ. ಪಾಪಾಸುಕಳ್ಳಿ, ಕತ್ತಾಳೆ, ಅನಾನಸ್ ಕೂಡ ಹೀಗೆಯೇ ಬದುಕುತ್ತವೆ. ಒಂದು ರಾತ್ರಿಯಲ್ಲಿ ಕೂಡಿಡುವುದಕ್ಕೆ ಮಿತಿಯಿರುವುದರಿಂದ ಇಂಥ ಗಿಡಗಳಲ್ಲಿ ಹೆಚ್ಚಿನವುಗಳ ಬೆಳವಣಿಗೆ ನಿಧಾನ.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಸೂರ್ಯ ಹುಟ್ಟುವ ಹೊತ್ತಿಗೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಒಂದೇ ಕಾಡುಬಸಳೆಯಿಂದ ಎಲೆ ಕಿತ್ತು, ರಸವನ್ನು ಪಿಎಚ್ ಕಾಗದದ ಮೇಲೆ ಹಿಂಡಿ. ಎರಡು ಬಣ್ಣಗಳನ್ನೂ ಮಕ್ಕಳ ಮುಂದಿಡಿ, ಕಾರಣವನ್ನು ಅವರೇ ಹುಡುಕಲಿ.