ಬಂದರಿನ ಊರನ್ನು ನಡೆದು ನೋಡಿ

ಡಿಸೆಂಬರ್ ಬಂತೆಂದರೆ ಅತ್ತಿಬೆಲೆಯ ಶಾಲೆಗಳಲ್ಲೂ ಪ್ರವಾಸದ್ದೇ ಮಾತು. ಮಕ್ಕಳನ್ನು ಕೇಳಿದರೆ ನೀರಿನಾಟದ ಪಾರ್ಕಿಗೇ ಹೋಗೋಣ ಎನ್ನುತ್ತಾರೆ. ಪೋಷಕರೇ, ಈ ಸಲ ಮಂಗಳೂರಿನ ಹೆಸರು ಹೇಳಿ ನೋಡಿ. ಬಸ್ಸನ್ನು ಒಂದೆಡೆ ನಿಲ್ಲಿಸಿ, ಊರು ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು, ಒಂದು ಬೆಳಿಗ್ಗೆ ಪೂರ್ತಿ ನಡೆಯಲಿ. ಕಿಟಕಿಯಿಂದ ಕಂಡದ್ದು ಮರೆತುಹೋಗುತ್ತದೆ; ನಡೆದು ಕಂಡದ್ದು ನೆನಪಿರುತ್ತದೆ.

ಮೊದಲು ಬಲ್ಮಠ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1841ರಲ್ಲಿ ಇಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ಪತ್ರಿಕೆ. ನೀವೀಗ ಓದುತ್ತಿರುವ ಪುರವಣಿಯ ಹಿರಿಯಜ್ಜ ಅದು! ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ. ಅವರು ಬಂದದ್ದು ಮತಪ್ರಚಾರಕ್ಕೆ. ಕನ್ನಡಕ್ಕೆ ಆದ ಲಾಭ ಮಾತ್ರ ದೊಡ್ಡದು.

ಅಲ್ಲಿಂದ ಬಾವುಟಗುಡ್ಡೆ. ಕಂದಾಯವನ್ನು ದವಸದ ಬದಲು ನಾಣ್ಯದಲ್ಲೇ ಕಟ್ಟಬೇಕೆಂಬ ಆಜ್ಞೆಗೆ ಕೆರಳಿದ ಸುಳ್ಯ ಸೀಮೆಯ ರೈತರು 1837ರ ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದು, ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದರು. ಕೆಲವೇ ದಿನಗಳಲ್ಲಿ ದಂಗೆ ಅಡಗಿತು, ಹಲವು ಮುಂದಾಳುಗಳು ನೇಣಿಗೇರಿದರು. ದಂಗೆಯನ್ನು ಮುನ್ನಡೆಸಿದವರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಇಲ್ಲಿ ನಿಂತಿತು. ಪರದೇಶಿಗಳು ತಂದ ಅಚ್ಚುಯಂತ್ರ ಒಂದೆಡೆ, ಪರದೇಶಿ ಆಳ್ವಿಕೆಯನ್ನು ಎದುರಿಸಿದ ಗುಡ್ಡ ಇನ್ನೊಂದೆಡೆ. ಇವೆರಡನ್ನೂ ಒಂದೇ ನಡಿಗೆಯಲ್ಲಿ ಕಂಡ ಮಗು ಇತಿಹಾಸವನ್ನು ಬರೀ ಇಸವಿಗಳ ಪಟ್ಟಿ ಎಂದುಕೊಳ್ಳುವುದಿಲ್ಲ.

ಪಕ್ಕದಲ್ಲೇ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಅಂಟೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಬಿಡಿಸಿದ ಚಿತ್ರಗಳನ್ನು ತಲೆಯೆತ್ತಿ ನೋಡಿ. ನಂತರ ಹಂಪನಕಟ್ಟೆಯಿಂದ ಇಳಿದರೆ ಹಳೆಯ ಬಂದರು. ಅಳಿವೆಯ ಮರಳಿನಿಂದಾಗಿ ಅಂದು ದೊಡ್ಡ ಹಡಗುಗಳು ಕಡಲಲ್ಲೇ ನಿಲ್ಲುತ್ತಿದ್ದವು. ಕಾಫಿ, ಹೆಂಚು ದೋಣಿಗಳಲ್ಲಿ ಅಲ್ಲಿಗೆ ಸಾಗುತ್ತಿದ್ದವು. 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಬಂದ ಮೇಲೆ ದೊಡ್ಡ ವ್ಯಾಪಾರ ಅತ್ತ ಸರಿಯಿತು.

ಹೆಂಚು ಎಂದೆನಲ್ಲ? 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದಲೇ ‘ಮಂಗಳೂರು ಹೆಂಚು’ ಮನೆಮಾತಾದದ್ದು.

ಕಡಲೂರಿನ ಸೆಕೆಗೆ ನೀರು, ಟೋಪಿ ಇರಲಿ, ನೋಟ್‌ಬುಕ್ಕಂತೂ ಇರಲೇಬೇಕು. ಊರಿಗೆ ಮರಳಿದ ಮೇಲೂ ನಡಿಗೆ ಮುಗಿಯುವುದಿಲ್ಲ. ಅತ್ತಿಬೆಲೆಯಲ್ಲಿ ಹಳೆಯ ಹೆಂಚಿನ ಮನೆ ಕೆಡವುತ್ತಿದ್ದರೆ ಒಂದು ಹೆಂಚು ಕೇಳಿ ತನ್ನಿ. ಬೆನ್ನು ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು, ಊರು ಅಚ್ಚೊತ್ತಿರಬಹುದು. ಹಾಗೆಯೇ ಅಪ್ಪ ಅಮ್ಮನನ್ನು ಕೇಳಿ: ನಮ್ಮ ಕಾರ್ಖಾನೆಗಳ ಸರಕು ಇಂದು ಯಾವ ಬಂದರಿಗೆ ಹೋಗುತ್ತದೆ?