ಬರೀ ಪೆನ್ಸಿಲ್ ಗೆರೆಯಲ್ಲಿ ಸಾವು

ಪ್ರಶ್ನೆ: ಬಣ್ಣವೇ ಇಲ್ಲದ ಪೆನ್ಸಿಲ್ ಚಿತ್ರ ಸಾವು-ನೋವನ್ನು ಹೇಗೆ ತೋರಿಸಬಲ್ಲದು?

ಉತ್ತರ: ಸ್ವಿಟ್ಜರ್ಲೆಂಡಿನ ಕಲಾವಿದ ಫರ್ಡಿನಾಂಡ್ ಹೋಡ್ಲರ್ ತನ್ನ ಸಂಗಾತಿ ವ್ಯಾಲಂಟೀನ್ ಕ್ಯಾನ್ಸರಿನಿಂದ ಸವೆಯುತ್ತಿದ್ದಾಗ ಹಾಸಿಗೆಯ ಪಕ್ಕದಲ್ಲೇ ಕೂತು ಆಕೆಯನ್ನು ಪೆನ್ಸಿಲಿನಲ್ಲಿ ಮತ್ತೆ ಮತ್ತೆ ಚಿತ್ರಿಸಿದ. ಮೊದಮೊದಲು ಆಕೆ ದಿಂಬಿಗೊರಗಿ ನಮ್ಮತ್ತ ನೋಡುತ್ತಾಳೆ. ಬರಬರುತ್ತಾ ತಲೆ ಹಿಂದಕ್ಕೆ ಜಾರುತ್ತದೆ, ಬಾಯಿ ತೆರೆದುಕೊಳ್ಳುತ್ತದೆ, ಮೂಗು ಚೂಪಾಗುತ್ತದೆ. 1915ರ ಜನವರಿಯಲ್ಲಿ ಆಕೆ ತೀರಿಕೊಂಡ ನಂತರದ ಚಿತ್ರಗಳಲ್ಲಿ ದೇಹ ಹೆಚ್ಚುಕಡಿಮೆ ಒಂದು ಅಡ್ಡಗೆರೆಯಾಗಿ ಉಳಿದಿದೆ.

ಪೆನ್ಸಿಲ್ ಕೈಯ ಒತ್ತಡವನ್ನು ಮರೆಮಾಚುವುದಿಲ್ಲ. ಒತ್ತಿದಲ್ಲಿ ಕಪ್ಪು, ಅಳುಕಿದಲ್ಲಿ ತೆಳು. ಕೆನ್ನೆಯ ಗುಳಿಗೆ ನಾಲ್ಕು ಗೀಟು ಸಾಕು. ಸುತ್ತಲಿನ ಖಾಲಿ ಕಾಗದವಂತೂ, ನನ್ನ ಕಣ್ಣಿಗೆ, ಮಾತು ನಿಂತ ಕೋಣೆ. ಕಣ್ಣೀರು ತಡೆದು ಮತ್ತೆ ಮತ್ತೆ ನೋಡಿದ ಆ ಮನುಷ್ಯನ ಪ್ರೀತಿಯೂ ಅದೇ ಗೆರೆಗಳಲ್ಲಿದೆ.