ಕೋಲಿನ ಹೊಟ್ಟೆಯಲ್ಲಿ ಸೀಸ!

ಭಾರ ಹಾಕಿಸಲು ಹೊರಟ ಮೂಡಲಗಿ ಹುಡುಗ ಭಾರ ಇಳಿಸಿಕೊಂಡು ಬಂದ

ಗೋಕಾಕ: "ಏನೋ ತಮ್ಮಾ, ಬಂದೂಕು ಹಿಡಕೊಂಡು ಎಲ್ಲಿಗೆ ಹೊಂಟಿ?"

ಮೂಡಲಗಿಯಿಂದ ಗೋಕಾಕಕ್ಕೆ ಹೊರಟ ಬಸ್ಸಿನಲ್ಲಿ ಕಂಡಕ್ಟರು ಹೀಗೆ ಕೇಳಿದ್ದೇ ತಡ, ಸಂತೆ ಮುಗಿಸಿ ಬರುತ್ತಿದ್ದವರೆಲ್ಲ ಕತ್ತು ಹೊರಳಿಸಿದರು. ಇಪ್ಪತ್ತೆರಡರ ಹುಡುಗ ನಾಚಿಕೊಂಡು ಉದ್ದನೆಯ ಚೀಲದ ಬಾಯಿ ಬಿಚ್ಚಿ ತೋರಿಸಿದ. ಬಂದೂಕಲ್ಲ. ನಡುವಿನ ತಿರುಪು ಬಿಚ್ಚಿ ಎರಡು ತುಂಡು ಮಾಡಿಟ್ಟ ಹಳೆಯ ಪೂಲ್ ಕೋಲು.

"ಇದರಾಗ ಏನ್ ಹೊಡೀತಿ?"

"ಬಾಲ್ ಹೊಡೀತೀನ್ರಿ."

ಕಂಡಕ್ಟರು ಟಿಕೆಟು ಕೊಟ್ಟು ಮುಂದೆ ಹೋದರು. ಹುಡುಗನ ಚಿಂತೆ ಮಾತ್ರ ಅಲ್ಲೇ ಉಳಿಯಿತು. ಅವನು ಆ ಕೋಲಿಗೆ ಸೀಸ ಹೊಯ್ಯಿಸಲು ಹೊರಟಿದ್ದ.

ಬಟ್ಟೆ ಹೊದಿಸಿದ ಆರು ಕುಣಿಗಳ ಮೇಜು, ಅದರ ಮೇಲೆ ಬಿಳಿ ಚೆಂಡಿಗೆ ಕೋಲಿನಿಂದ ಹೊಡೆದು ಬಣ್ಣದ ಚೆಂಡುಗಳನ್ನು ಕುಣಿಗೆ ಬೀಳಿಸುವುದು ಪೂಲ್ ಆಟ. ಕ್ಲಬ್ಬುಗಳಲ್ಲಿ ಆಡುವ ಬಿಲಿಯರ್ಡ್ಸ್, ಸ್ನೂಕರುಗಳ ಸಂಬಂಧಿಕ ಎನ್ನಬಹುದು. ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ. 1875ರಲ್ಲಿ ಜಬಲ್ಪುರದ ದಂಡಿನ ಅಧಿಕಾರಿಗಳು ಹೊತ್ತು ಕಳೆಯಲು ಕಟ್ಟಿದ ಆಟ ಅದು, ಮುಂದೆ ಊಟಿಯ ಕ್ಲಬ್ಬಿನಲ್ಲಿ ಅದಕ್ಕೆ ನಿಯಮ ಬಿತ್ತು. 1958ರಲ್ಲಿ ವಿಲ್ಸನ್ ಜೋನ್ಸ್ ಕಲಕತ್ತೆಯಲ್ಲಿ ಬಿಲಿಯರ್ಡ್ಸ್‌ನ ವಿಶ್ವ ಪ್ರಶಸ್ತಿ ಗೆದ್ದರು. 2003ರಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿ ಚೀನಾದಲ್ಲಿ ಸ್ನೂಕರಿನ ವಿಶ್ವ ಪ್ರಶಸ್ತಿ ಗೆದ್ದಾಗ ಆಟದ ಹೆಸರು ಸಣ್ಣ ಊರುಗಳ ಕಿವಿಗೂ ಬಿತ್ತು.

ಹುಡುಗನ ಕೋಲು ಅವನ ತಂದೆಯದು. ತಂದೆ ಮುಂಬೈಯ ಕ್ಲಬ್ಬೊಂದರಲ್ಲಿ ಮಾರ್ಕರ್ ಆಗಿದ್ದವರು. ಸಾಹೇಬರು ಆಡುವಾಗ ಅಂಕ ಎಣಿಸುವುದು, ಚೆಂಡು ಜೋಡಿಸುವುದು, ಮೇಜಿನ ಬಟ್ಟೆಗೆ ಬ್ರಷ್ ಹಾಕುವುದು, ಜೊತೆಗಾರ ಬರದಿದ್ದರೆ ತಾನೇ ಎದುರು ನಿಂತು ಆಡುವುದು, ಇದು ಮಾರ್ಕರ್ ಕೆಲಸ. ಅಮೆರಿಕಕ್ಕೆ ಹೋಗಿಬಂದ ಸದಸ್ಯರೊಬ್ಬರು ಬಿಟ್ಟುಕೊಟ್ಟ ಈ ಕೋಲು ಬಿಟ್ಟರೆ ಅವರು ಮುಂಬೈಯಿಂದ ತಂದ ಆಸ್ತಿ ಹೆಚ್ಚೇನಿಲ್ಲ. ಈಗ ಮೂಡಲಗಿಯಲ್ಲಿ ಪಾನ್ ಅಂಗಡಿ.

ಮಗ ಮೋಟಾರ್ ರಿವೈಂಡಿಂಗ್ ಅಂಗಡಿಯ ಕೆಲಸಗಾರ. ಸಂಜೆಯಾದರೆ ಗೋಕಾಕದ ಪೂಲ್ ಮೇಜು. ಸೋತವನು ಮೇಜಿನ ಬಾಡಿಗೆ ತೆರಬೇಕು ಎಂಬುದು ಇಂಥ ಕಡೆ ಯಾರೂ ಬರೆದಿಡದ ಕಾನೂನು. ಮೂರು ವಾರ ಅವನೇ ತೆತ್ತ. "ನಿನ್ನ ಸ್ಟಿಕ್ ಹಗೂರ ಐತಿ, ಅದಕ್ಕ ಹೊಡ್ತ ಬೀಳವಲ್ದು" ಎಂದು ಗೆಳೆಯರು ತೀರ್ಪು ಕೊಟ್ಟರು. ಒಬ್ಬನಂತೂ ಹಳೆಯ ಬ್ಯಾಟರಿಯ ಸೀಸ ಕರಗಿಸಿ ಕೋಲಿನ ಬುಡಕ್ಕೆ ತೂತು ಕೊರೆದು ಹೊಯ್ಯುವುದಾಗಿ ಮುನ್ನೂರು ರೂಪಾಯಿಗೆ ಒಪ್ಪಿಕೊಂಡೂ ಬಿಟ್ಟ!

ಹೊಯ್ದಿದ್ದರೆ?

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ. ಮರ ಅಷ್ಟು ಶಾಖ ತಾಳುವುದಿಲ್ಲ, ಅದಕ್ಕೂ ಮೊದಲೇ ಕರಿಯಾಗಲು ಶುರು. ಹೊಯ್ದ ಸೀಸದ ಸುತ್ತ ಮರ ಇದ್ದಿಲಾಗಿ, ಸೀಸ ಆರಿ ಕುಗ್ಗಿ, ಕೊನೆಗೆ ಕೋಲಿನೊಳಗೆ ಗಿಲಕಿಯಂತೆ ಅಲುಗಾಡುತ್ತದೆ. ಬ್ಯಾಟರಿ ಸೀಸದಲ್ಲಿ ಆಸಿಡ್ ಬೇರೆ. ಅದರ ಹೊಗೆ, ಧೂಳು ಮೈಗೆ ವಿಷ. ಅಡಿಗೆ ಒಲೆಯ ಮೇಲೆ ಕರಗಿಸುವವರ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ದೇವರೇ ಕಾಯಬೇಕು.

ಅಂದು ತಂದೆ ಪಾನ್ ಅಂಗಡಿ ಬಾಗಿಲು ಹಾಕಿ ಮುಂದಿನ ಬಸ್ಸಿಗೇ ಗೋಕಾಕಕ್ಕೆ ಬಂದರು. ಮಗನ ಕೈಯಿಂದ ಚೀಲ ಕಸಿದು, "ತೂಕ ಎಷ್ಟೈತಿ ಅಂತ ಗೊತ್ತಿಲ್ದ ಭಾರ ಹಾಕ್ತೀ ಏನೋ? ಮೊದಲ ತೂಗು" ಎಂದರು.

ಪತ್ತಾರರ ತಕ್ಕಡಿ

ಕಿರಾಣಿ ಅಂಗಡಿಯ ಕಾಟಾ 590 ಗ್ರಾಂ ತೋರಿಸಿತು. ಆದರೆ ಅದು ಐದೈದು ಗ್ರಾಮಿಗೆ ಜಿಗಿಯುವ ಕಾಟಾ. ಪರಿಚಯದ ಪತ್ತಾರರ ಅಂಗಡಿಗೆ ಹೋಗಿ ಎರಡೂ ತುಂಡುಗಳನ್ನು ಬೇರೆಬೇರೆ ತೂಗಿಸಿದರು. ಮುಂದಿನ ತೆಳ್ಳನೆಯ ತುಂಡು 116 ಗ್ರಾಂ, ಹಿಂದಿನ ದಪ್ಪ ತುಂಡು 476. ಒಟ್ಟು 592.

ಕೋಲಿನ ಲೆಕ್ಕ ಇಂದಿಗೂ ಔನ್ಸಿನಲ್ಲಿ. ಒಂದು ಔನ್ಸ್ ಅಂದರೆ 28.35 ಗ್ರಾಂ, ಹಳೆಯ ಲೆಕ್ಕದಲ್ಲಿ ಎರಡೂವರೆ ತೊಲಕ್ಕೆ ಚೂರು ಕಡಿಮೆ. 592 ಗ್ರಾಂ ಎಂದರೆ ಹತ್ತಿರಹತ್ತಿರ 21 ಔನ್ಸ್. ಪೂಲ್ ಕೋಲುಗಳು ಸಾಮಾನ್ಯವಾಗಿ 18ರಿಂದ 21 ಔನ್ಸ್ ಇರುತ್ತವೆ. ಅಂತರರಾಷ್ಟ್ರೀಯ ಪೂಲ್ ನಿಯಮದ ಮಿತಿ 25 ಔನ್ಸ್. ಸ್ನೂಕರಿನಲ್ಲಿ ಕೋಲು ಮೂರು ಅಡಿಗಿಂತ ಗಿಡ್ಡ ಇರಬಾರದು ಎಂದಿದೆ, ತೂಕಕ್ಕೆ ಕಟ್ಟಿಲ್ಲ.

ಅಂದರೆ "ಹಗೂರ" ಎಂದು ಊರೆಲ್ಲ ಹೇಳಿದ ಕೋಲು ಮೊದಲೇ ಭಾರದ ಕೋಲು!

ಹಾಗಾದರೆ ಕೈಗೆ ಹಗುರ ಅನ್ನಿಸಿದ್ದೇಕೆ? ತಂದೆ ಕೋಲು ಜೋಡಿಸಿ ಒಂದು ಬೆರಳ ಮೇಲೆ ನಿಲ್ಲಿಸಿದರು. ಅದು ಸಮ ನಿಂತದ್ದು ಬುಡದಿಂದ 44 ಸೆಂಟಿಮೀಟರಿಗೆ. 47ರ ಆಸುಪಾಸು ನಿಂತರೆ ಒಳ್ಳೆಯದು ಎಂಬುದು ಅವರ ಕೈಯ ಅಂದಾಜು. ಭಾರವೆಲ್ಲ ಬುಡದಲ್ಲಿ ಕೂತು ಮೂತಿ ಮೇಲೇಳುತ್ತಿತ್ತು. ಮೂತಿ ಹಗುರವಾದದ್ದನ್ನೇ ಹುಡುಗರು ಕೋಲು ಹಗುರ ಎಂದುಕೊಂಡಿದ್ದರು. ಭಾರ ಎಷ್ಟು ಎನ್ನುವಷ್ಟೇ ಭಾರ ಎಲ್ಲಿ ಎನ್ನುವುದೂ ಮುಖ್ಯ. ಬುಡದಲ್ಲಿ ಇನ್ನೊಂದು ಔನ್ಸ್ ಸೇರಿಸಿದರೆ ಸಮತೂಕದ ಜಾಗ ಸುಮಾರು ಎರಡು ಸೆಂಟಿಮೀಟರು ಮತ್ತೆ ಹಿಂದೆ ಸರಿಯುತ್ತದೆ. ಹುಡುಗ ಹಾಕಿಸಲು ಹೊರಟ ಸೀಸ ರೋಗವನ್ನೇ ದೊಡ್ಡದು ಮಾಡುತ್ತಿತ್ತು.

ಭಾರ ಹೆಚ್ಚಾದರೆ ಹೊಡೆತ ಜೋರು ಎಂಬುದೂ ಅರ್ಧ ಸತ್ಯ. ಪೂಲ್ ಚೆಂಡಿನ ತೂಕ 156ರಿಂದ 170 ಗ್ರಾಂ. ಕೋಲು ಅದರ ಮೂರು ಪಟ್ಟು ಇದ್ದೇ ಇದೆ. ಇನ್ನೂ ಭಾರ ಹಾಕಿದರೆ ಅದೇ ತೋಳು ಅದೇ ವೇಗದಲ್ಲಿ ಬೀಸಲಾರದು.

ರಬ್ಬರಿನ ಹಿಂದೆ ಏನಿದೆ?

ಇಲ್ಲಿ ಅಂಗಡಿಕಾರರಿಗೆ ಹೊಸದೇನಿಲ್ಲ. ಬೀಡಿನ ತೂಕದ ಕಲ್ಲು ತಿರುವಿ ಹಾಕಿದರೆ ತಳದಲ್ಲಿ ಒಂದು ಕುಳಿ, ಕುಳಿಯಲ್ಲಿ ಸೀಸ, ಸೀಸದ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ. ಕಲ್ಲು ಸವೆದರೆ ಆ ಕುಳಿಯಲ್ಲೇ ಸರಿಪಡಿಸುತ್ತಾರೆ, ಎರಡು ವರ್ಷಕ್ಕೊಮ್ಮೆ ಪರಿಶೀಲನೆ. ಕೋಲಿನ ಕುಳಿ ಇರುವುದೂ ಬುಡದಲ್ಲೇ, ರಬ್ಬರ್ ಬಿರಡೆಯ ಹಿಂದೆ. ಆದರೆ ಅದಕ್ಕೆ ಮುದ್ರೆ ಒತ್ತುವವರಿಲ್ಲ. ಯಾರು ಯಾವಾಗ ಏನು ತುರುಕಿದರೋ ಬಿಚ್ಚುವವರೆಗೂ ತಿಳಿಯದು.

ರಬ್ಬರ್ ಕೆಲವು ಕೋಲುಗಳಲ್ಲಿ ತಿರುಪಿನದು, ಕೆಲವುಗಳಲ್ಲಿ ಒತ್ತಿ ಕೂರಿಸಿದ್ದು. ತಂದೆ ಅದನ್ನು ಮೆಲ್ಲಗೆ ಬಿಡಿಸಿ ಬ್ಯಾಟರಿ ಹಾಕಿ ನೋಡಿದರು. ಒಳಗೆ ಬೋಲ್ಟಿನ ತಲೆ ಕಂಡಿತು, ಅಲನ್ ಕೀ ಹಾಕುವ ಆರು ಮೂಲೆಯ ಕುಳಿಯ ಸಹಿತ. ಎಡಕ್ಕೆ ತಿರುವಿದಾಗ ಮಾರುದ್ದದ ಬೋಲ್ಟೇನೂ ಬರಲಿಲ್ಲ, ಒಂದು ಗೇಣಿಗಿಂತ ಕಡಿಮೆ. ತೂಗಿದರೆ 85 ಗ್ರಾಂ, ಅಂದರೆ ಮೂರು ಔನ್ಸ್. ಕೋಲು ಬೋರಲು ಹಿಡಿದು ತಟ್ಟಿದಾಗ ಅದರ ಹಿಂದಿನಿಂದ ಇನ್ನೊಂದು ಬಿತ್ತು: ನೂಲು ಸುತ್ತಿದ ಸೀಸದ ಗುಂಡು, 22 ಗ್ರಾಂ!

"ಇದು ನಾ ಹಾಕಿದ್ದಲ್ಲ" ಎಂದರು ತಂದೆ. ಇಷ್ಟು ವರ್ಷ ಕೈಯಲ್ಲಿ ಹಿಡಿದ ಕೋಲು, ಒಳಗಿನ ಗುಟ್ಟು ಅವರಿಗೂ ಗೊತ್ತಿರಲಿಲ್ಲ. ಆ ಸಾಹೇಬರೂ ಮಗನಂತೆಯೇ ಯಾರದೋ ಮಾತು ಕೇಳಿದ್ದರೇನೋ.

ಎಲ್ಲ ಹಳೆಯ ಕೋಲಿಗೂ ಬೋಲ್ಟ್ ಇರುತ್ತದೆಂದು ತಿಳಿಯಬೇಡಿ. ಆಟದ ಮನೆಗಳ ಗೋಡೆಗೆ ಸಾಲಾಗಿ ನಿಲ್ಲಿಸಿದ ಒಂದೇ ತುಂಡಿನ ಕೋಲುಗಳಲ್ಲಿ ತಯಾರಕರೇ ಸೀಸ ಅಂಟಿಸಿ ಮುಚ್ಚಿರುವುದು ಹೆಚ್ಚು. ಅಂಥದ್ದಕ್ಕೆ ಭಾರ ಬೇಕೇಬೇಕಾದರೆ ಲೇಥಿನಲ್ಲಿ ನಟ್ಟನಡುವೆ ಒಂದು ಸೆಂಟಿಮೀಟರು ಅಗಲದ ತೂತು ಕೊರೆದು, ತಣ್ಣಗಿನ ಸೀಸದ ಕಡ್ಡಿ ಕೂರಿಸಿ ಅಂಟು ಹಾಕಬೇಕು. ಮೂರೂವರೆ ಸೆಂಟಿಮೀಟರು ಉದ್ದಕ್ಕೆ ಸುಮಾರು 30 ಗ್ರಾಂ ಏರುತ್ತದೆ. ಕೈ ಡ್ರಿಲ್ಲಿನಿಂದ ಓರೆಯಾಗಿ ಕೊರೆದರೆ ಕೋಲು ಸೌದೆ. ಇನ್ನು ಭಾರ ಇಳಿಸಲೆಂದು ಮುಂದಿನ ತುಂಡಿಗೆ ಉಜ್ಜುಕಾಗದ ತಿಕ್ಕುವವರೂ ಇದ್ದಾರೆ. ನಾಲ್ಕು ಗ್ರಾಂ ಇಳಿಯುವಷ್ಟರಲ್ಲಿ ಕೋಲಿನ ಇಳಿಜಾರು ಕೆಟ್ಟಿರುತ್ತದೆ, ಅದನ್ನು ಮರಳಿ ತರುವ ಬಡಿಗೇರ ಹುಟ್ಟಿಲ್ಲ.

ಒಂಬತ್ತು ನಾಣ್ಯ, ಮೂರು ಸಂಜೆ

ಬೋಲ್ಟು, ಗುಂಡು ಎರಡೂ ತೆಗೆದ ಮೇಲೆ ಉಳಿದದ್ದು 485 ಗ್ರಾಂ, 17 ಔನ್ಸ್. ಪೂಲಿಗೆ ಇದು ಕಡಿಮೆ. ಆಗ ತಂದೆ ಮಾಡಿದ ಉಪಾಯ ಪತ್ತಾರರಿಗೂ ಮೆಚ್ಚಿಗೆಯಾಯಿತು. 2011ರ ಮಾದರಿಯ ಐದು ರೂಪಾಯಿ ನಾಣ್ಯ ಒಂದಕ್ಕೆ ಆರು ಗ್ರಾಂ. ನಾಣ್ಯಗಳನ್ನು ಕೋಲಿನ ಬುಡಕ್ಕೆ ಸುತ್ತಲೂ ಸಮನಾಗಿ ಇಟ್ಟು ಇನ್ಸುಲೇಷನ್ ಟೇಪ್ ಸುತ್ತಿ, "ಇಟಗೊಂಡು ಆಡು" ಎಂದರು.

ಮೊದಲ ಸಂಜೆ ಆರು ನಾಣ್ಯ. ಎರಡನೆಯ ಸಂಜೆ ಹನ್ನೆರಡು, ಬುಡ ಮತ್ತೆ ಜಗ್ಗಿತು. ಮೂರನೆಯ ಸಂಜೆ ಒಂಬತ್ತಕ್ಕೆ ಕೈ ಒಪ್ಪಿತು. ನಾಣ್ಯ 54, ಟೇಪು 2, ಒಟ್ಟು 56 ಗ್ರಾಂ. ನಾಣ್ಯ ಕಟ್ಟಿದ ಕೋಲು ಕಂಡು ಗೆಳೆಯರು "ಕೋಲಿಗೆ ಮುಯ್ಯಿ ಮಾಡಿಸ್ಯಾನ ನೋಡ್ರಿ" ಎಂದು ನಕ್ಕರಂತೆ. ಮೇಜಿನ ಬಾಡಿಗೆ ಆ ದಿನ ನಕ್ಕವನೇ ಕೊಟ್ಟ.

ಇನ್ನು ಬೇಕಾದದ್ದು 56 ಗ್ರಾಮಿನ ಬೋಲ್ಟು. ಗೋಕಾಕದ ಅಂಗಡಿಗಳಲ್ಲಿ ಸಿಕ್ಕದ್ದೆಲ್ಲ ಮಿಲಿಮೀಟರ್ ಅಳತೆಯವು. ಇದು ಇಂಚಿನ ಅಳತೆ. ಬೇರೆ ತಿರುಪಿನ ಬೋಲ್ಟನ್ನು ಬಲವಂತವಾಗಿ ತುರುಕಿದರೆ ಮರದ ಕಚ್ಚು ಕಿತ್ತು ಬರುತ್ತದೆ, ಇಲ್ಲವೆ ಬುಡ ಸೀಳುತ್ತದೆ. ನೀರೆತ್ತುವ ಪಂಪುಗಳ ಕೆಲಸ ಮಾಡುವ ಹುಕ್ಕೇರಿಯ ಲೇಥ್ ಮಿಸ್ತ್ರಿಯೊಬ್ಬರ ನೆನಪು ಮಗನಿಗೆ ಬಂತು. ಅಪ್ಪ ಮಗ ಇಬ್ಬರೂ ಹುಕ್ಕೇರಿ ಬಸ್ಸು ಹತ್ತಿದರು.

ಮಿಸ್ತ್ರಿ ಕಚ್ಚಿನ ಗೇಜು ಹಿಡಿದು ನೋಡಿ, "ಮೂರು ಸೂತ, ಇಂಚಿಗೆ ಹದಿನಾರು ಕಚ್ಚು" ಎಂದು ಒಂದೇ ಮಾತಿನಲ್ಲಿ ಹೇಳಿದರು. ಹಳೆಯದನ್ನೇ ಕತ್ತರಿಸಲೇ ಎಂದಾಗ ತಂದೆ ಬೇಡವೆಂದರು. ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ, ಹೊಸದನ್ನೇ ಮಾಡ್ರಿ. ಹೊಸ ಸರಳಿಗೆ ಕಚ್ಚು ಹಾಕಿ, ತುಸು ಉದ್ದವೇ ಇಟ್ಟು, ತೂಗಿ ತೂಗಿ ಕಡಿಮೆ ಮಾಡಿದರು. ಒಂದು ಸೆಂಟಿಮೀಟರಿಗೆ ಐದು ಗ್ರಾಂ ಲೆಕ್ಕ. 56ಕ್ಕೆ ನಿಂತಾಗ ಕಚ್ಚಿಗೆ ಮೇಣ ಸವರಿ ಕೈಯಿಂದಲೇ ತಿರುವಿದರು, ಕೊನೆಯ ಅರ್ಧ ಸುತ್ತಿಗೆ ಮಾತ್ರ ಕೀ.

ಈಗ ಕೋಲಿನ ತೂಕ 541 ಗ್ರಾಂ, 19 ಔನ್ಸಿಗೆ ಒಂದೆಳೆ ಹೆಚ್ಚು. ಬೆರಳ ಮೇಲೆ ನಿಲ್ಲುವ ಜಾಗ 47 ಸೆಂಟಿಮೀಟರು. ಅಲುಗಾಟದ ಸದ್ದಿಲ್ಲ.

ಮಿಸ್ತ್ರಿ ದುಡ್ಡು ಕೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಕಾಕಾ, ಇಷ್ಟೆಲ್ಲ ಗೊತ್ತಿದ್ದವರು ನೀವ್ಯಾಕ ಆಡೂದು ಬಿಟ್ರಿ?" ತಂದೆ ಬಲಗೈ ಮುಂದೆ ಚಾಚಿ ತೋರಿಸಿದರು. ಬೆರಳು ನಡುಗುತ್ತಿದ್ದವು. ಆಮೇಲೆ ಒತ್ತಾಯ ಮಾಡಿ ಐವತ್ತು ರೂಪಾಯಿ ಮಿಸ್ತ್ರಿಯ ಜೇಬಿಗೆ ತುರುಕಿದರು.

ಹಳೆಯ ಬೋಲ್ಟು, ನೂಲು ಸುತ್ತಿದ ಆ ಗುಂಡು ಈಗ ಮೂಡಲಗಿಯ ಪಾನ್ ಅಂಗಡಿಯ ಗಲ್ಲಾದಲ್ಲಿವೆ, ಒಂದು ಚೀಟಿಯ ಸಹಿತ. ಚೀಟಿಯಲ್ಲಿ ಮೂರು ತೂಕಗಳು. ಮರ ಮಳೆಗಾಲದಲ್ಲಿ ತೇವ ಹೀರಿ ಭಾರವಾಗುತ್ತದೆ, ಬೇಸಗೆಯಲ್ಲಿ ಇಳಿಯುತ್ತದೆ ಎಂದು ಮಳೆ ಕಳೆದ ಮೇಲೆ ಮತ್ತೊಮ್ಮೆ ತೂಗಲು ಬರೆದಿಟ್ಟದ್ದು. ಕೋಲನ್ನು ಗೋಡೆಗೆ ಒರಗಿಸಿ ಇಟ್ಟರೆ ಸೊಟ್ಟಗಾಗುತ್ತದೆಂದು ಮಗ ಈಗ ಅದನ್ನು ಮಂಚದ ಕೆಳಗೆ ಮಲಗಿಸುತ್ತಾನೆ. ಒಂಬತ್ತು ನಾಣ್ಯ ಮಾತ್ರ ಗಲ್ಲಾಕ್ಕೆ ಮರಳಿ ಬಂದಿಲ್ಲವಂತೆ. ಕೇಳಿದರೆ, "ಬಸ್ಸಿಗೆ ಆತಪ್ಪಾ" ಎನ್ನುತ್ತಾನೆ ಮಗ.